ಚಾರ್ಜು ಎಂಬ ಹೊರೆ

ಕಳೆದ ವಾರ ಒಂದೇ ಬೆಳಗಿನಲ್ಲಿ, ಎದ್ದಾಗಿನಿಂದ ತಿಂಡಿ ಮುಗಿಯುವುದರೊಳಗೆ, ಒಂದೇ ಇಂಗ್ಲಿಷ್ ಪದ ಆರು ಸಲ ನನ್ನ ಕಣ್ಣಿಗೋ ಕಿವಿಗೋ ಬಿತ್ತು. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದ ಮೊಮ್ಮಗಳು ತಾಯಿಯ ಮೊಬೈಲನ್ನು ಎತ್ತಿ ನೋಡಿ ‘ಚಾರ್ಜೇ ಇಲ್ಲ ತಾತ’ ಎಂದಳು. ಗೀಸರ್ ನೋಡಲು ಬಂದ ಎಲೆಕ್ಟ್ರಿಷಿಯನ್ ಒಂದು ತಂತಿಯನ್ನು ಬಿಗಿ ಮಾಡಿ ‘ವಿಸಿಟಿಂಗ್ ಚಾರ್ಜ್ ಮುನ್ನೂರು ಸಾರ್’ ಎಂದ. ಮನೆಗೆಲಸಕ್ಕೆ ಬರುವಾಕೆ ತವರಿಗೆ ಹೋಗಿ ಬಂದ ಸುದ್ದಿ ಹೇಳುತ್ತ ‘ಈಗೇನಮ್ಮ, ಬಸ್ ಚಾರ್ಜಿನ ಯೋಚನೆ ಇಲ್ಲ’ ಎಂದು ನನ್ನ ಹೆಂಡತಿಗೆ ಹೇಳುತ್ತಿದ್ದಳು. ಪತ್ರಿಕೆಯ ಮೊದಲ ಪುಟದಲ್ಲಿ ಒಂದು ಚಾರ್ಜ್‌ಶೀಟ್, ಒಳಪುಟದಲ್ಲಿ ಒಂದು ಲಾಠಿ ಚಾರ್ಜ್ ಇದ್ದವು. ಅಷ್ಟರಲ್ಲಿ ಹಳೆಯ ಸಹೋದ್ಯೋಗಿಯೊಬ್ಬರ ಮಗ ಫೋನ್ ಮಾಡಿದ. ತಹಶೀಲ್ದಾರನಾಗಿ ಮೊದಲ ನೇಮಕ. ‘ನಿನ್ನೆ ಮಧ್ಯಾಹ್ನ ಚಾರ್ಜ್ ತಗೊಂಡೆ ಅಂಕಲ್, ಆಶೀರ್ವಾದ ಮಾಡಿ’ ಎಂದ.

ಆಶೀರ್ವಾದ ಮಾಡಿದೆ. ಆಮೇಲೆ, ಕೇಳಬಾರದಿತ್ತೇನೋ, ‘ಎಲ್ಲ ಎಣಿಸಿಕೊಂಡೆಯೇನಪ್ಪ?’ ಎಂದು ಕೇಳಿದೆ. ‘ಏನನ್ನು ಅಂಕಲ್?’ ಎಂದು ಅವನು ನಕ್ಕ. ಮುದುಕರ ಪ್ರಶ್ನೆ ಎಂದುಕೊಂಡಿರಬೇಕು. ಆದರೆ ಈ ಪದದೊಡನೆ ನನಗೊಂದು ಹಳೆಯ ಲೆಕ್ಕವಿದೆ. ಅದನ್ನು ಹೇಳುವ ಮುನ್ನ ಪದದ ವಿಚಾರವನ್ನೇ ಸ್ವಲ್ಪ ನೋಡುವುದು ಒಳ್ಳೆಯದು.

ಬಸ್ಸಿನ ದರಕ್ಕೂ ಬ್ಯಾಟರಿಯ ಶಕ್ತಿಗೂ ಪೊಲೀಸರ ದೊಣ್ಣೆಗೂ ಅಧಿಕಾರ ವಹಿಸಿಕೊಳ್ಳುವುದಕ್ಕೂ ಒಂದೇ ಪದ ಹೇಗೆ ಸಾಲುತ್ತದೆ ಎಂದು ಯಾರಿಗಾದರೂ ಅನ್ನಿಸಬಹುದು. ಇದರ ಗುಟ್ಟು ಒಂದು ಗಾಡಿಯಲ್ಲಿದೆ. ಲ್ಯಾಟಿನ್ನಿನಲ್ಲಿ ‘ಕಾರಸ್’ ಎಂದರೆ ಬಂಡಿ. ರೋಮನ್ನರು ಆ ಪದವನ್ನು ಪಡೆದದ್ದು ತಮ್ಮ ನೆರೆಯ ಕೆಲ್ಟಿಕ್ ಜನರಿಂದ. ಮುಂದೆ ಆ ಬಂಡಿಗೆ ಸಾಮಾನು ಹೇರುವುದಕ್ಕೆ ‘ಕರಿಕಾರೆ’ ಎಂಬ ಕ್ರಿಯಾಪದ ಹುಟ್ಟಿತು. ಅದು ಫ್ರೆಂಚಿನ ಬಾಯಲ್ಲಿ ಸವೆದು ಇಂಗ್ಲಿಷಿಗೆ ‘ಚಾರ್ಜ್’ ಆಗಿ ಬಂತು. ನಾವು ಓಡಿಸುವ ಕಾರು, ಹಡಗಿಗೆ ತುಂಬುವ ಕಾರ್ಗೊ, ಇಂಗ್ಲಿಷಿನ ‘ಕ್ಯಾರಿ’, ಎಲ್ಲವೂ ಇದೇ ಬಂಡಿಯ ಸಂತಾನ. ‘ಕ್ಯಾರಿಕೇಚರ್’ ಕೂಡ ಇದೇ ಕುಲದ್ದು. ಇಟಲಿಯ ಭಾಷೆಯಲ್ಲಿ ಹೇರು ಎಂಬ ಕ್ರಿಯಾಪದವೇ ಅತಿ ಮಾಡು ಎಂಬರ್ಥಕ್ಕೂ ಸಂದಿತು. ಒಬ್ಬನ ಮೂಗಿನ ಮೇಲೋ ಗಲ್ಲದ ಮೇಲೋ ಅಗತ್ಯಕ್ಕಿಂತ ಹೆಚ್ಚು ಭಾರ ಹೇರಿದರೆ ವ್ಯಂಗ್ಯಚಿತ್ರವಾಯಿತು. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರು ಜೀವಮಾನವೆಲ್ಲ ಮಂತ್ರಿಗಳ ಮುಖದ ಮೇಲೆ ಇಂಥ ಭಾರ ಹೇರಿದವರೇ.

ಹೀಗೆ ಚಾರ್ಜು ಎಂದರೆ ಮೂಲದಲ್ಲಿ ಹೊರೆ. ಬಂದೂಕಿಗೆ ತುಂಬಿದ ಮದ್ದು ಅದರ ಹೊರೆ. ಕೆಲಸ ವಹಿಸಿಕೊಂಡರೆ ಹೆಗಲ ಮೇಲೆ ಬಿದ್ದದ್ದು ಹೊರೆ. ಕೊಳ್ಳುವವನ ಮೇಲೆ ಬಿದ್ದ ಬೆಲೆ ಹೊರೆ. ತಪ್ಪು ಮಾಡಿದನೆಂದು ಒಬ್ಬನ ತಲೆಗೆ ಕಟ್ಟಿದ್ದೂ ಹೊರೆಯೇ. ಇದನ್ನು ತಿಳಿದಾಗ ನನಗೆ ಹೊಳೆದ ಸಂಗತಿ ಬೇರೊಂದು. ಇಂಗ್ಲಿಷ್ ಕಲಿಯುವುದಕ್ಕೆ ಎಷ್ಟೋ ಮೊದಲೇ ನಾವು ಕನ್ನಡಿಗರು ಇದೇ ದಾರಿಯಲ್ಲಿ ನಡೆದಿದ್ದೇವೆ. ನಾವು ಹೊಣೆ ‘ಹೊರುತ್ತೇವೆ’. ತಪ್ಪನ್ನು ಇನ್ನೊಬ್ಬರ ಮೇಲೆ ‘ಹೊರಿಸುತ್ತೇವೆ’. ತೆರಿಗೆಯ ‘ಹೊರೆ’ ಎನ್ನುತ್ತೇವೆ. ‘ಹೊರು’ ಎಂಬ ಒಂದು ಅಚ್ಚಗನ್ನಡ ಧಾತು ಚಾರ್ಜಿನ ಅರ್ಧ ಸಂಸಾರವನ್ನು ಸಾಕುತ್ತಿದೆ. ಸಂಸ್ಕೃತದಿಂದ ಬಂದ ‘ಆರೋಪ’ವನ್ನು ನೋಡಿ. ರುಹ್ ಎಂದರೆ ಏರು, ಅದನ್ನು ಪ್ರೇರಣಾರ್ಥಕ ಮಾಡಿದರೆ ಏರಿಸು. ಸಂಗೀತದ ಆರೋಹಣವೂ ನ್ಯಾಯಾಲಯದ ಆರೋಪವೂ ಒಂದೇ ಧಾತುವಿನವು. ಒಂದರಲ್ಲಿ ಸ್ವರ ತಾನಾಗಿ ಏರುತ್ತದೆ, ಇನ್ನೊಂದರಲ್ಲಿ ದೋಷವನ್ನು ಮತ್ತೊಬ್ಬರ ಮೇಲೆ ಏರಿಸಲಾಗುತ್ತದೆ. ಸರ್ಕಾರಿ ಕನ್ನಡದ ‘ಪ್ರಭಾರ’ದಲ್ಲಂತೂ ಭಾರ ಕಣ್ಣಿಗೆ ಕಾಣುವಂತೆಯೇ ಕೂತಿದೆ. ಇಂಥ ಪದಗಳ ಸಂಸಾರವನ್ನು ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಬಿಡಿಸಿ ಹೇಳಿದರು. ಅವರ ಅಂಕಣ ಓದಿ ಬೆಳೆದ ನನ್ನಂಥವರಿಗೆ ಈ ಚಟ ಅಂಟಿದೆ.

ಆದರೆ ಎಲ್ಲಕ್ಕಿಂತ ಚೆನ್ನಾದ ಪದವನ್ನು ನಾನು ಕಲಿತದ್ದು ನಿಘಂಟಿನಿಂದಲ್ಲ, ಉತ್ತರ ಕರ್ನಾಟಕದಲ್ಲಿ ಕೆಲಸ ಮಾಡುವಾಗ ರೈತರಿಂದ. ಜಮೀನಿನ ಮೇಲೆ ಬ್ಯಾಂಕಿನದೋ ಸೊಸೈಟಿಯದೋ ಸಾಲವಿದ್ದರೆ, ಕಾನೂನಿನ ಭಾಷೆಯಲ್ಲಿ ಆ ಜಮೀನಿನ ಮೇಲೆ ಒಂದು ‘ಚಾರ್ಜ್’ ಇದೆ ಎನ್ನುತ್ತಾರೆ. ಪಹಣಿಯ ಹನ್ನೊಂದನೆಯ ಕಾಲಮ್ಮಿನಲ್ಲಿ ಅದು ನಮೂದಾಗುತ್ತದೆ. ಆ ಕಡೆಯ ರೈತರು ಇದನ್ನು ‘ಬೋಜಾ’ ಎನ್ನುತ್ತಾರೆ. ‘ಸಾಹೇಬ್ರ, ಸಾಲ ತೀರಿಸೇನಿ, ಉತಾರದಾಗಿನ ಬೋಜಾ ಇನ್ನೂ ಇಳದಿಲ್ರಿ’ ಎಂದು ಮುದುಕನೊಬ್ಬ ಕಚೇರಿಗೆ ಬಂದು ನಿಂತಾಗ, ಹೆಗಲ ಮೇಲಿನ ಮೂಟೆಯನ್ನು ಇಳಿಸಿಕೊಳ್ಳಲು ಯಾರಾದರೂ ಕೈಕೊಡಲಿ ಎಂದು ಕೇಳಿದಂತೆಯೇ ಇರುತ್ತಿತ್ತು. ಲ್ಯಾಟಿನ್ನಿನ ಬಂಡಿಯ ಕಥೆ ಗೊತ್ತಿಲ್ಲದ ಆತನಿಗೆ ಪದದ ನಿಜವಾದ ಅರ್ಥ ಗೊತ್ತಿತ್ತು. ಗೊತ್ತಿಲ್ಲದೆ ಹೋದದ್ದು ನಮಗೆ, ಕಚೇರಿಯವರಿಗೆ.

ಇನ್ನು ಬಸ್ ಚಾರ್ಜು. ಇಂಗ್ಲಿಷಿನವರು ಇದನ್ನು ‘ಫೇರ್’ ಎನ್ನುತ್ತಾರೆ, ಚಾರ್ಜ್ ಎನ್ನುವುದು ನಮ್ಮದೇ ರೂಢಿ. ‘ಊರಿಗೆ ಹೋಗೋಕೆ ಚಾರ್ಜಿಗೂ ದುಡ್ಡಿರಲಿಲ್ಲ’ ಎಂಬ ಮಾತನ್ನು ನನ್ನ ತಲೆಮಾರಿನ ವಿದ್ಯಾರ್ಥಿಗಳು ಎಷ್ಟು ಸಲ ಹೇಳಿದ್ದೇವೋ. ನಮ್ಮ ಮನೆಗೆಲಸದಾಕೆಗೆ ಆ ಯೋಚನೆ ತಪ್ಪಿದ್ದು 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ. ನಿರ್ವಾಹಕ ಆಕೆಗೆ ಶೂನ್ಯ ಟಿಕೆಟ್ ಹರಿದುಕೊಡುತ್ತಾನೆ. ಇಂಥ ಸೌಲಭ್ಯವನ್ನು ನಾವು ‘ಉಚಿತ’ ಎನ್ನುತ್ತೇವೆ. ಇದೊಂದು ವಿಚಿತ್ರ ಪದ. ಸಂಸ್ಕೃತದಲ್ಲಿ ಅದಕ್ಕೆ ತಕ್ಕದ್ದು, ಯೋಗ್ಯವಾದದ್ದು ಎಂದರ್ಥ. ಬಿಟ್ಟಿ ಎಂಬರ್ಥ ಹೇಗೋ ನಮ್ಮಲ್ಲಿ ಸೇರಿಕೊಂಡಿತು. ಹಾಗಾಗಿ ಉಚಿತವಾದದ್ದು ಉಚಿತವೇ ಎಂಬ ಚರ್ಚೆಯನ್ನು ಕನ್ನಡದಲ್ಲಿ ಹೀಗೆ ಮಾಡಬಹುದು.

ಅರ್ಥಶಾಸ್ತ್ರ ಓದಿದವನಾಗಿ ನಾನು ಆ ಚರ್ಚೆಗೆ ಸೇರಿಸಬಹುದಾದದ್ದು ಇಷ್ಟೇ: ಇಳಿದ ಹೊರೆ ನೆಲಕ್ಕೆ ಬೀಳುವುದಿಲ್ಲ, ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ. ಎಂ.ಎ. ತರಗತಿಯಲ್ಲಿ ಇದನ್ನು ನಮಗೆ ತೆರಿಗೆಯ ಭಾರ ನಿರ್ಧಾರ ಎಂಬ ಅಧ್ಯಾಯದಲ್ಲಿ ಕಲಿಸಿದ್ದರು. ತೆರಿಗೆ ಕಟ್ಟುವವನೊಬ್ಬ, ಹೊರುವವನೊಬ್ಬ. ಆಕೆಯ ಟಿಕೆಟ್ಟಿನ ಬಾಬ್ತನ್ನು ಸರ್ಕಾರ ಸಾರಿಗೆ ನಿಗಮಗಳಿಗೆ ತುಂಬಿಕೊಡಬೇಕು, ಸರ್ಕಾರಕ್ಕೆ ಅದು ನಮ್ಮೆಲ್ಲರ ತೆರಿಗೆಯಿಂದ ಬರಬೇಕು. ಆಕೆಯೂ ಕೊಳ್ಳುವ ಸೋಪಿನ ಮೇಲೆ ತೆರಿಗೆ ಕೊಡುತ್ತಾಳೆ ಎಂಬುದನ್ನು ಟೀಕೆ ಮಾಡುವವರು ಮರೆಯುತ್ತಾರೆ. 2025ರ ಜನವರಿಯಲ್ಲಿ ಬಸ್ ದರ ಶೇಕಡ 15ರಷ್ಟು ಏರಿದಾಗ ಅದು ನೇರವಾಗಿ ತಟ್ಟಿದ್ದು ಪುರುಷ ಪ್ರಯಾಣಿಕರಿಗೆ. ಹೆಣ್ಣುಮಕ್ಕಳು ಆಸ್ಪತ್ರೆಗೆ, ಕೆಲಸಕ್ಕೆ, ತವರಿಗೆ ಯಾರನ್ನೂ ಕೇಳದೆ ಹೋಗಿಬರುವಂತಾದದ್ದು ಆ ಹೊರೆಗೆ ತಕ್ಕ ಬೆಲೆಯೇ ಎಂದರೆ, ನನ್ನ ಮಟ್ಟಿಗೆ ಹೌದು. ಆದರೆ ಬೆಲೆಯೇ ಇಲ್ಲ ಎನ್ನುವುದನ್ನು ನಾನು ಒಪ್ಪಲಾರೆ.

ಬಜೆಟ್ಟಿನಲ್ಲಿಯೂ ಒಂದು ಚಾರ್ಜಿದೆ, ಅದು ಬಹಳ ಜನರಿಗೆ ತಿಳಿಯದು. ನಮ್ಮ ರಾಜ್ಯದ ಬಜೆಟ್ ಪುಸ್ತಕಗಳಲ್ಲಿ ವೆಚ್ಚವನ್ನು ‘ಪುರಸ್ಕೃತ’, ‘ಪ್ರಭೃತ’ ಎಂದು ಎರಡಾಗಿ ತೋರಿಸುತ್ತಾರೆ. ಮೊದಲನೆಯದಕ್ಕೆ ವಿಧಾನಸಭೆಯ ಮತ ಬೇಕು. ಎರಡನೆಯದು ಸಂವಿಧಾನದ 202ನೆಯ ವಿಧಿಯಂತೆ ಸಂಚಿತ ನಿಧಿಯ ಮೇಲೇ ಹೇರಿದ ಹೊರೆ: ರಾಜ್ಯಪಾಲರ ವೇತನ, ಹೈಕೋರ್ಟ್ ನ್ಯಾಯಮೂರ್ತಿಗಳ ವೇತನ, ನ್ಯಾಯಾಲಯದ ಡಿಕ್ರಿಯ ಹಣ, ಮುಖ್ಯವಾಗಿ ಸಾಲದ ಬಡ್ಡಿ. ಇದರ ಬಗ್ಗೆ ಸದಸ್ಯರು ಮಾತನಾಡಬಹುದು, ಮತ ಹಾಕುವಂತಿಲ್ಲ. ತಂದ ಸಾಲದ ಬಡ್ಡಿಯನ್ನು ಕೊಡುವುದೋ ಬೇಡವೋ ಎಂದು ಕೈ ಎತ್ತಿಸಿ ಕೇಳಲಾಗದು. ಉತಾರದ ಬೋಜಾಕ್ಕೂ ಇದಕ್ಕೂ ಗಾತ್ರದಲ್ಲಿ ಮಾತ್ರ ವ್ಯತ್ಯಾಸ.

ಹೋಟೆಲಿನ ಸರ್ವಿಸ್ ಚಾರ್ಜಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ನಿಂತು ಕಾಫಿ ಕುಡಿಯುವ ನಮ್ಮ ದರ್ಶಿನಿಗಳಿಗೆ ಈ ರೋಗ ತಗಲಿರಲಿಲ್ಲ ಎಂಬುದೇ ಸಮಾಧಾನ.

ಮೊಮ್ಮಗಳ ಚಾರ್ಜು ವಿಜ್ಞಾನದ್ದು. ಹದಿನೆಂಟನೆಯ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮೊದಲಾದವರು ವಿದ್ಯುತ್ತಿನ ಪ್ರಯೋಗ ಮಾಡುತ್ತಿದ್ದಾಗ ಅದನ್ನು ವರ್ಣಿಸಲು ಪದಗಳಿರಲಿಲ್ಲ. ಗಾಜಿನ ಜಾಡಿಗಳ ಸಾಲಿಗೆ ಫಿರಂಗಿ ಸಾಲಿನ ಹೆಸರಾದ ‘ಬ್ಯಾಟರಿ’ಯನ್ನೇ ಕೊಟ್ಟರು. ಅದರಲ್ಲಿ ತುಂಬಿದ ವಿದ್ಯುತ್ತು ಚಾರ್ಜ್ ಎನಿಸಿತು. ನಮ್ಮ ಪಠ್ಯಪುಸ್ತಕದವರು ಇದಕ್ಕೆ ಆರಿಸಿದ ಪದ ‘ವಿದ್ಯುದಾವೇಶ’. ಇಲ್ಲಿ ಭಾರ ಹೋಯಿತು, ದೇವರು ಬಂತು. ಜಾತ್ರೆಯಲ್ಲಿ ಪೂಜಾರಿಯ ಮೈಮೇಲೆ ಬರುವುದೂ ಆವೇಶ, ಎಲೆಕ್ಟ್ರಾನಿನಲ್ಲಿರುವುದೂ ಆವೇಶ. ಮೊದಲ ಸಲ ಓದಿದಾಗ ನಕ್ಕಿದ್ದೆ, ಈಗ ಅದು ಮೂಲಕ್ಕಿಂತ ಒಳ್ಳೆಯ ಪದ ಎನ್ನಿಸುತ್ತದೆ. ಆದರೂ ‘ತಾತ, ಮೊಬೈಲಿನಲ್ಲಿ ಆವೇಶವಿಲ್ಲ’ ಎಂದು ಯಾವ ಮಗುವೂ ಹೇಳಲಿಲ್ಲ. ಮೊಬೈಲು ಬಂದ ಹೊಸತರಲ್ಲಿ ರೀಚಾರ್ಜ್ ಮಾಡಿಸುವುದಕ್ಕೆ ‘ಕರೆನ್ಸಿ ಹಾಕಿಸು’ ಎನ್ನುತ್ತಿದ್ದರು. ದ್ವಿತೀಯ ಎಂ.ಎ.ಯಲ್ಲಿ ಹಣದ ವ್ಯಾಖ್ಯೆಗಳನ್ನು ಉರುಹೊಡೆದಿದ್ದ ನನಗೆ ಅದೊಂದು ಹೊಸ ವ್ಯಾಖ್ಯೆಯಾಗಿ ಕಂಡಿತ್ತು.

ಲಾಠಿ ಚಾರ್ಜಿಗೆ ಪತ್ರಿಕೆಗಳು ಬಳಸುವ ಕನ್ನಡ ‘ಲಾಠಿ ಪ್ರಹಾರ’, ಬಹುಪಾಲು ಸಲ ‘ಲಘು ಲಾಠಿ ಪ್ರಹಾರ’. ಉಪವಿಭಾಗಾಧಿಕಾರಿಯಾಗಿದ್ದಾಗ ಗುಂಪು ಚದುರಿಸುವ ಆದೇಶವನ್ನು ಎರಡು ಸಲ ಕೊಡಬೇಕಾಯಿತು. ವರದಿಯಲ್ಲಿ ನಾನೂ ‘ಲಘು’ ಎಂದೇ ಬರೆದೆ. ಏಟು ತಿಂದವರ ಮನೆಯಲ್ಲಿ ಆ ವಿಶೇಷಣವನ್ನು ಹೇಗೆ ಓದಿಕೊಂಡರೋ.

ಈಗ ನನ್ನ ಹಳೆಯ ಲೆಕ್ಕಕ್ಕೆ ಬರುತ್ತೇನೆ. ಸರ್ಕಾರಿ ನೌಕರನ ಬದುಕು ಎರಡು ಚಾರ್ಜುಗಳ ನಡುವೆ ಹರಿಯುತ್ತದೆ. ಒಂದು, ತೆಗೆದುಕೊಳ್ಳುವ ಚಾರ್ಜು. ಇನ್ನೊಂದು, ಕೊಡಿಸಿಕೊಳ್ಳುವ ಚಾರ್ಜು, ಎಂದರೆ ದೋಷಾರೋಪ ಪಟ್ಟಿ. ಮೊದಲನೆಯದಕ್ಕೆ ಹಾರ, ಹಣ್ಣಿನ ಬುಟ್ಟಿ, ಫೋಟೊ. ಎರಡನೆಯದು ಮೊಹರು ಮಾಡಿದ ಲಕೋಟೆಯಲ್ಲಿ ಬರುತ್ತದೆ, ಪಡೆದವನು ಅದನ್ನು ಹೆಂಡತಿಗೂ ತೋರಿಸುವುದಿಲ್ಲ. ಎರಡಕ್ಕೂ ಒಂದೇ ಹೆಸರೇಕೆ ಎಂದು ಸೇವೆಯಲ್ಲಿದ್ದಷ್ಟು ಕಾಲ ನಾನು ಯೋಚಿಸಲಿಲ್ಲ.

ಚಾರ್ಜ್ ವಹಿಸಿಕೊಳ್ಳುವುದು ಹಿಂದೆ ಒಂದು ಗಂಭೀರ ವಿಧಿಯಾಗಿತ್ತು. ಇಂಗ್ಲಿಷ್ ಪದ ಬರುವ ಮುನ್ನ ಅದಕ್ಕೆ ‘ಸುಪರ್ದಿಗೆ ತೆಗೆದುಕೊಳ್ಳುವುದು’, ‘ಹವಾಲು’ ಎಂಬ ಮಾತುಗಳಿದ್ದವು. ಪ್ರಭಾರ ಹಸ್ತಾಂತರ ಪ್ರಮಾಣಪತ್ರ, ನಮ್ಮ ಬಾಯಲ್ಲಿ ಸಿ.ಟಿ.ಸಿ., ಅದರಲ್ಲಿ ದಿನಾಂಕದ ಮುಂದೆ ‘ಪೂರ್ವಾಹ್ನ’ ಅಥವಾ ‘ಅಪರಾಹ್ನ’ ಎಂದು ಬರೆಯಲೇಬೇಕು. ಅರ್ಧ ದಿನದ ಹೊಣೆಯೂ ಯಾರದೋ ಒಬ್ಬರ ತಲೆಯ ಮೇಲೆ ಇರಬೇಕೆಂಬ ಲೆಕ್ಕಾಚಾರ ಅದು. ಅದರ ಜೊತೆಗೆ ಚಾರ್ಜ್ ಪಟ್ಟಿ: ನಗದು ಇಷ್ಟು, ಬೀಗದ ಕೈ ಇಷ್ಟು, ಕಡತ ಇಷ್ಟು, ದಾಸ್ತಾನು ಇಷ್ಟು. ಇಂದು ಎಷ್ಟೋ ಹುದ್ದೆಗಳು ಖಾಲಿಯಿದ್ದು ಒಬ್ಬರೇ ಮೂರು ಕಡೆ ‘ಹೆಚ್ಚುವರಿ ಪ್ರಭಾರ’ದಲ್ಲಿರುವಾಗ, ಆ ಪಟ್ಟಿಯನ್ನು ಓದಿ ನೋಡುವಷ್ಟು ಪುರಸೊತ್ತು ಯಾರಿಗಿದೆ?

1986ರಲ್ಲಿ ನಾನು ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ಬ್ಲಾಕ್ ಅಭಿವೃದ್ಧಿ ಅಧಿಕಾರಿಯಾಗಿದ್ದೆ. ಇಪ್ಪತ್ತೇಳು ವರ್ಷ, ಮದುವೆಯಾಗಿರಲಿಲ್ಲ, ಪುಸ್ತಕದ ಅರ್ಥಶಾಸ್ತ್ರ ತಲೆತುಂಬ ಇತ್ತು. ಬರಗಾಲದ ವರ್ಷಗಳವು. 1980ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಯೋಜನೆಯಡಿ ಕೆರೆ ಹೂಳು, ರಸ್ತೆ ಮಣ್ಣಿನ ಕೆಲಸಗಳು ನಡೆಯುತ್ತಿದ್ದವು. ಕೂಲಿಯ ಒಂದು ಪಾಲು ಹಣ, ಒಂದು ಪಾಲು ಧಾನ್ಯ. ಆ ಧಾನ್ಯದ ಮೂಟೆಗಳನ್ನು ಸಂತೆ ಮೈದಾನದ ಪಕ್ಕದ ಹಳೆಯ ಕಟ್ಟಡವೊಂದರಲ್ಲಿ ಒಟ್ಟಿದ್ದೆವು. ದಾಸ್ತಾನು ನೋಡಿಕೊಳ್ಳುತ್ತಿದ್ದ ಗುಮಾಸ್ತರು ಬಡ್ತಿಯ ಮೇಲೆ ಬೇರೆಡೆ ಹೋಗಿ ಮೂರು ವಾರವಾಗಿತ್ತು. ಅವರ ಜಾಗಕ್ಕೆ ಯಾರೂ ಬಾರದೆ ಬೀಗದ ಕೈ ನನ್ನ ಮೇಜಿನ ಖಾನೆಯಲ್ಲಿಯೇ ಇತ್ತು. ಕೆಲಸದ ಸ್ಥಳಗಳಿಗೆ ಮೂಟೆ ಹೋಗಬೇಕಾದಾಗ ಜವಾನ ಕೇಳಿ ಒಯ್ಯುತ್ತಿದ್ದ, ನಾನು ಚೀಟಿಗೆ ಸಹಿ ಮಾಡುತ್ತಿದ್ದೆ.

ಅಷ್ಟರಲ್ಲಿ ಬೆಂಗಳೂರಿಗೆ ವರ್ಗವಾಯಿತು. ಆದೇಶ ಬಂದದ್ದು ಬೆಳಿಗ್ಗೆ, ಅಂದೇ ಅಪರಾಹ್ನ ಬಿಡುಗಡೆಯಾಗಬೇಕು. ಸಂಜೆಯ ಬಸ್ಸಿಗೆ ಹೊರಟರೆ ಮರುದಿನ ಸಚಿವಾಲಯದಲ್ಲಿ ಹಾಜರಾಗಬಹುದು. ನಾನು ಕಾತರದಲ್ಲಿದ್ದೆ. ಇಡೀ ಚಾರ್ಜ್ ಪಟ್ಟಿಯಲ್ಲಿ ಉಳಿದಿದ್ದ ತೊಡಕು ಆ ಗೋದಾಮು ಒಂದೇ. ಕಚೇರಿಯಲ್ಲಿ ಒಬ್ಬ ಗುಮಾಸ್ತರಿದ್ದರು. ನನಗಿಂತ ಹದಿನಾಲ್ಕು ವರ್ಷ ಹಿರಿಯರು, ಶುದ್ಧ ಬರವಣಿಗೆಯವರು, ಯಾವ ಕೆಲಸ ಹೇಳಿದರೂ ಇಲ್ಲವೆನ್ನದವರು. ಅವರನ್ನು ಕರೆದು ಗೋದಾಮಿನ ಚಾರ್ಜು ತೆಗೆದುಕೊಳ್ಳುವಂತೆ ಹೇಳಿದೆ. ಅವರು ಪಟ್ಟಿಯನ್ನು ಓದಿ, ‘ಒಂದು ದಿನ ಕೊಡಿ ಸಾರ್, ಹಮಾಲಿಗಳನ್ನು ಕರೆಸಿ ಅಟ್ಟಿ ಇಳಿಸಿ ಎಣಿಸಿಬಿಡುತ್ತೇನೆ’ ಎಂದರು. ನ್ಯಾಯವಾದ ಮಾತು. ನಾನು ‘ಏನ್ರೀ, ನನ್ನ ಮೇಲೆ ನಂಬಿಕೆ ಇಲ್ಲವೇ?’ ಎಂದೆ.

ಮೇಲಧಿಕಾರಿ ಹಾಗೆ ಕೇಳಿದರೆ ಗುಮಾಸ್ತ ಏನು ಹೇಳಬೇಕು? ಅವರು ಒಂದು ಕ್ಷಣ ಸುಮ್ಮನಿದ್ದು, ಪಟ್ಟಿಯ ಕೆಳಗೆ ‘ಎಣಿಸಿ, ಸರಿನೋಡಿ ವಹಿಸಿಕೊಂಡಿದ್ದೇನೆ’ ಎಂದು ಆ ಶುದ್ಧ ಅಕ್ಷರಗಳಲ್ಲಿ ಬರೆದು ಸಹಿ ಮಾಡಿದರು. ಬೀಗದ ಕೈ ಅವರ ಕೈಗೆ ಕೊಟ್ಟೆ. ಹಾರ ಹಾಕಿದರು, ಬಸ್ ಸ್ಟ್ಯಾಂಡಿನವರೆಗೂ ಬಂದು ಬೀಳ್ಕೊಟ್ಟರು. ಹಾಗೆ ಬಂದವರಲ್ಲಿ ಅವರೂ ಒಬ್ಬರು.

ಐದು ತಿಂಗಳ ಮೇಲೆ ಲೆಕ್ಕ ತಪಾಸಣೆಯವರು ಬಂದು ಎಣಿಸಿದರು. ಮೂವತ್ತೆಂಟು ಮೂಟೆ ಕಡಿಮೆ. ಯಾವಾಗ ಹೋದವು, ನನ್ನ ಮೇಜಿನ ಖಾನೆಯಲ್ಲಿ ಬೀಗದ ಕೈ ಇದ್ದ ಮೂರು ವಾರದಲ್ಲೋ, ಅದಕ್ಕೆ ಮೊದಲೋ, ಆಮೇಲೋ, ಇವತ್ತಿಗೂ ನನಗೆ ತಿಳಿಯದು. ಕಾಗದದ ಪ್ರಕಾರ ಹೊಣೆ ಯಾರದೆಂಬುದರಲ್ಲಿ ಅನುಮಾನವಿರಲಿಲ್ಲ. ಗುಮಾಸ್ತರಿಗೆ ಚಾರ್ಜ್ ಮೆಮೊ ಹೋಯಿತು.

ಇಲ್ಲಿ ಓದುಗರಿಗೆ ಒಂದು ಸ್ಪಷ್ಟನೆ. ಚಾರ್ಜ್‌ಶೀಟ್ ಎಂದರೆ ಅಪರಾಧ ಸಾಬೀತಾಯಿತೆಂದಲ್ಲ. ಪೊಲೀಸರು ತನಿಖೆ ಮುಗಿಸಿ ನ್ಯಾಯಾಲಯಕ್ಕೆ ಸಲ್ಲಿಸುವುದನ್ನು ಕಾನೂನು ಪೊಲೀಸ್ ವರದಿ ಎಂದಷ್ಟೇ ಕರೆಯುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಹಾಗೆಯೇ. ಆರೋಪ ರೂಪಿಸುವುದು ನ್ಯಾಯಾಲಯದ ಕೆಲಸ. ಇಲಾಖೆಯ ವಿಚಾರಣೆಗೆ 1957ರ ಕರ್ನಾಟಕ ನಾಗರಿಕ ಸೇವಾ ನಿಯಮಗಳಿವೆ. ಅವುಗಳ 11ನೆಯ ನಿಯಮದಂತೆ ಆರೋಪಗಳನ್ನು ಒಂದೊಂದಾಗಿ ಬರೆದು ಕೊಡಬೇಕು, ಸಾಕ್ಷ್ಯಗಳ ಪಟ್ಟಿ ಕೊಡಬೇಕು, ಆಪಾದಿತನ ಮಾತನ್ನು ಕೇಳಬೇಕು. ನಿಯಮ ಬಹಳ ನ್ಯಾಯವಾಗಿದೆ. ಆದರೆ ನಮ್ಮ ಕಚೇರಿಗಳಲ್ಲಿ ಚಾರ್ಜ್ ಮೆಮೊ ಬಂದ ದಿನವೇ ಪಕ್ಕದ ಮೇಜಿನವನು ಕಾಫಿಗೆ ಕರೆಯುವುದನ್ನು ಬಿಡುತ್ತಾನೆ.

ಗುಮಾಸ್ತರು ತಮ್ಮ ಉತ್ತರದಲ್ಲಿ ನಡೆದದ್ದನ್ನು ನಡೆದಂತೆ ಬರೆದರು: ದಾಸ್ತಾನು ಎಣಿಸಿರಲಿಲ್ಲ, ಹಿಂದಿನ ಅಧಿಕಾರಿಗಳ ಮಾತಿನ ಮೇಲೆ ಸಹಿ ಮಾಡಿದೆ. ವಿಚಾರಣಾಧಿಕಾರಿಗಳು ನನಗೆ ಪತ್ರ ಬರೆದು, ಇದು ನಿಜವೇ ಎಂದು ಕೇಳಿದರು. ಆ ಪತ್ರವನ್ನು ಎರಡು ದಿನ ಇಟ್ಟುಕೊಂಡಿದ್ದೆ. ಆಗ ನನ್ನ ಪ್ರೊಬೇಷನ್ ಅವಧಿ ಮುಗಿದಿರುವುದಾಗಿ ಘೋಷಿಸುವ ಕಡತ ಚಲಿಸುತ್ತಿತ್ತು. ಮದುವೆಯ ಮಾತುಕತೆಯೂ ನಡೆಯುತ್ತಿತ್ತು. ಮೂರನೆಯ ದಿನ ಎರಡು ಸಾಲು ಬರೆದು ಕಳಿಸಿದೆ: ‘ಪ್ರಭಾರ ಪಟ್ಟಿಯಲ್ಲಿ ಸದರಿ ನೌಕರರು ಎಣಿಸಿ ವಹಿಸಿಕೊಂಡಿರುವುದಾಗಿ ಸಹಿ ಮಾಡಿರುತ್ತಾರೆ. ಕಡತದಲ್ಲಿರುವುದಕ್ಕಿಂತ ಹೆಚ್ಚಿನದೇನನ್ನೂ ನಾನು ಹೇಳಬೇಕಾಗಿರುವುದಿಲ್ಲ.’ ಇದರಲ್ಲಿ ಸುಳ್ಳಾದ ಒಂದು ಅಕ್ಷರವೂ ಇರಲಿಲ್ಲ.

ಮೂಟೆಗಳ ಬೆಲೆಯನ್ನು ಅವರ ಸಂಬಳದಿಂದ ಕಂತುಗಳಲ್ಲಿ ಹಿಡಿದರು. ಎರಡು ವಾರ್ಷಿಕ ವೇತನ ಬಡ್ತಿಗಳನ್ನು ಸಂಚಿತ ಪರಿಣಾಮದೊಡನೆ ತಡೆದರು. ಈ ‘ಸಂಚಿತ ಪರಿಣಾಮ’ ಎಂಬ ಎರಡು ಪದಗಳನ್ನು ಹೊರಗಿನವರು ಗಮನಿಸುವುದಿಲ್ಲ. ಆಗ ತಪ್ಪಿದ ಎರಡು ಬಡ್ತಿ ಮುಂದೆಂದೂ ಕೂಡಿಬರುವುದಿಲ್ಲ. ಪ್ರತಿ ತಿಂಗಳ ಮೂಲ ವೇತನ ಅಷ್ಟು ಕಡಿಮೆ, ಅದರ ಮೇಲಿನ ತುಟ್ಟಿಭತ್ಯೆ ಕಡಿಮೆ, ಕೊನೆಯ ಸಂಬಳ ಕಡಿಮೆ, ಅದರಿಂದ ಲೆಕ್ಕ ಹಾಕುವ ನಿವೃತ್ತಿ ವೇತನ ಸಾಯುವವರೆಗೂ ಕಡಿಮೆ. ಚಕ್ರಬಡ್ಡಿಯ ಸೂತ್ರ ಗೊತ್ತಿದ್ದ ನಾನು ಒಂದು ರಾತ್ರಿ ಪೆನ್ಸಿಲ್ ಹಿಡಿದು ಅದನ್ನು ಲೆಕ್ಕ ಹಾಕತೊಡಗಿದೆ. ಮೂವತ್ತೆಂಟು ಮೂಟೆಯ ಬೆಲೆ ಮೊದಲ ಕೆಲವು ಸಾಲುಗಳಲ್ಲೇ ತೀರಿಹೋಗಿತ್ತು. ಉಳಿದ ಸಾಲುಗಳು ಕಾಗದದ ಕೊನೆ ಮುಟ್ಟುವ ಮುನ್ನ ನಿಲ್ಲಿಸಿದೆ.

ನನ್ನ ಮೇಲೆ ಸೇವೆಯುದ್ದಕ್ಕೂ ಒಂದು ಚಾರ್ಜು ಬರಲಿಲ್ಲ. ಬೀಳ್ಕೊಡುಗೆ ಸಮಾರಂಭದಲ್ಲಿ ಇದನ್ನೇ ದೊಡ್ಡ ಮಾತಾಗಿ ಹೇಳಿದರು, ‘ಕಪ್ಪು ಚುಕ್ಕೆಯಿಲ್ಲದ ಸೇವೆ’ ಎಂದರು. 2019ರಲ್ಲಿ ನಿವೃತ್ತನಾದ ದಿನ ನಾನು ಕೊಠಡಿಯಲ್ಲಿದ್ದ ಪ್ರತಿಯೊಂದನ್ನೂ ಎಣಿಸಿ ಒಪ್ಪಿಸಿದೆ. ಕುರ್ಚಿ ಹನ್ನೊಂದು, ಬೀರು ಎರಡು, ನಿಂತ ಗಡಿಯಾರ ಒಂದು, ಕಂಪ್ಯೂಟರ್, ಅದರ ಪಾಸ್‌ವರ್ಡು, ಕಡತಗಳು ವಿಷಯವಾರು. ನನ್ನ ನಂತರ ಬಂದ ಅಧಿಕಾರಿ ಸಂಕೋಚದಿಂದ ‘ಇದೆಲ್ಲ ಯಾಕೆ ಸಾರ್, ನಿಮ್ಮ ಮೇಲೆ ನಂಬಿಕೆ ಇಲ್ಲವೇ’ ಎಂದರು. ಅವರಿಗೆ ಪೂರ್ತಿ ಎಣಿಸುವವರೆಗೂ ಸಹಿ ಮಾಡಲು ಬಿಡಲಿಲ್ಲ.

ಅದಾದ ಒಂದೆರಡು ತಿಂಗಳಿಗೆ ಪರಿಚಯದವರೊಬ್ಬರ ಮನೆಯ ಮದುವೆಗೆ ಹೋಗಿದ್ದೆ. ಊಟದ ಮನೆಯ ಬಾಗಿಲಲ್ಲಿ, ಮೊದಲ ಪಂಕ್ತಿ ಏಳುವುದನ್ನು ಕಾಯುತ್ತಿದ್ದ ಹಿರಿಯರ ನಡುವೆ ಒಬ್ಬರು ನನ್ನನ್ನೇ ನೋಡುತ್ತಿದ್ದರು. ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಎಪ್ಪತ್ತು ದಾಟಿತ್ತು, ಅದೇ ಬಿಳಿ ಅಂಗಿ. ಎದ್ದು ನಿಲ್ಲಲು ಹೋದರು, ನಾನು ತಡೆದೆ. ಮಕ್ಕಳ ವಿಚಾರ, ಮಂಡಿ ನೋವಿನ ವಿಚಾರ ಮಾತಾಯಿತು. ನಾನು ಗೋದಾಮಿನ ಮಾತೆತ್ತಿದೆ. ಮೂವತ್ತಮೂರು ವರ್ಷದ ಮೇಲೆ ಆ ಕಾಗದದ ಬಗ್ಗೆ ಏನೋ ಹೇಳಬೇಕೆಂದು ತೊಡಗಿದೆ, ವಾಕ್ಯ ಮುಗಿಯಲಿಲ್ಲ.

‘ನಿಮ್ಮ ಕಾಗದದ ನಕಲು ನನ್ನ ಹತ್ತಿರ ಇದೆ ಸಾರ್’ ಎಂದರು ಅವರು. ‘ಅದರಲ್ಲಿ ತಪ್ಪೇನೂ ಇರಲಿಲ್ಲ.’

ಪಂಕ್ತಿ ಎದ್ದಿತು. ಎಲೆ ತೆಗೆದು ನೆಲ ಒರೆಸುತ್ತಿದ್ದರು. ಒಳಗೆ ನಡೆಯುವಾಗ ಅವರು ನನ್ನ ತೋಳನ್ನು ಆಸರೆಗೆ ಹಿಡಿದುಕೊಂಡು ಕೇಳಿದರು:

‘ರಿಟೈರ್ ಆದಿರಂತೆ. ಚಾರ್ಜ್ ಕೊಟ್ಟಿರಾ ಸಾರ್? ಎಣಿಸಿ ಕೊಟ್ಟಿರಾ?’

ಎಣಿಸಿಯೇ ಕೊಟ್ಟೆ ಎಂದೆ. ‘ಒಳ್ಳೆಯದಾಯಿತು’ ಎಂದು ಹೇಳಿ, ಗೋಡೆಯ ಬದಿಯ ಎಲೆಯನ್ನು ನನಗೆ ಬಿಟ್ಟು ಪಕ್ಕದ ಎಲೆಗೆ ಕೂತರು.